ಡಲ್ಲಾಸ್‌ನವರ ಹತ್ತಿರ ದುಡ್ಡಿಲ್ವಾ?

ಟೆಕ್ಸಸ್‌ನ ಫ್ರಿಸ್ಕೋದಲ್ಲಿ ನೆಲೆಸಿರುವ ಹುಬ್ಬಳ್ಳಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅವರ ತಕರಾರು ಇಷ್ಟು: "ಅಮೆರಿಕನ್ ಫುಟ್‌ಬಾಲ್‌ನ ಡಲ್ಲಾಸ್ ಕೌಬಾಯ್ಸ್ ಅಂದ್ರೆ ಅಮೆರಿಕದಲ್ಲೇ ಅತಿ ಬೆಲೆಬಾಳುವ ತಂಡ ಅಂತಾರೆ. 1996ರ ಜನವರಿಯಿಂದ ಈಚೆಗೆ ಒಂದು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿಲ್ಲ. ಈಗ ನೋಡಿದ್ರೆ ಮೈಕಾ ಪಾರ್ಸನ್ಸ್‌ನಂಥ ಆಟಗಾರನನ್ನೇ ಗ್ರೀನ್ ಬೇ ತಂಡಕ್ಕೆ ಕೊಟ್ಟು ಕೂತಿದ್ದಾರೆ. ಇವರ ಹತ್ತಿರ ದುಡ್ಡಿಲ್ವಾ? ಐಪಿಎಲ್ ಪರ್ಸ್ ಅರ್ಥವಾಗುತ್ತೆ, ಈ ಡ್ರಾಫ್ಟು, ಸ್ಯಾಲರಿ ಕ್ಯಾಪು ತಲೆಗೆ ಹತ್ತುತ್ತಿಲ್ಲ. ಆರ್‌ಸಿಬಿಗೆ 18ನೇ ಸೀಸನ್‌ವರೆಗೆ ಕಾದವನು ನಾನು. ಇನ್ನೊಂದು ತಂಡಕ್ಕೂ ಹಾಗೇ ಕಾಯಬೇಕಾ?"

ಸಂಪಾದಕರ ಉತ್ತರ:

ನಮಸ್ಕಾರ. ದುಡ್ಡಿದೆ ಸಾರ್, ಬೇಕಾದಷ್ಟಿದೆ. ಮನಸ್ಸಿಗೆ ಬಂದ ಹಾಗೆ ಖರ್ಚು ಮಾಡೋಕೆ ಲೀಗ್ ಬಿಡಲ್ಲ. ಆದರೆ ಪಾರ್ಸನ್ಸ್ ವಿಷಯದಲ್ಲಿ ಲೀಗನ್ನು ಬೈದು ಪ್ರಯೋಜನವಿಲ್ಲ. ಅದು ಡಲ್ಲಾಸ್‌ನವರು ತಾವೇ ಕೈಯಾರೆ ಮಾಡಿಕೊಂಡ ಕೆಲಸ.

ಮೊದಲು ಕ್ಯಾಪ್ ನೋಡೋಣ. 1994ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಇದನ್ನು ಶುರು ಮಾಡಿದಾಗ ಒಂದು ತಂಡ ಆಟಗಾರರ ಸಂಬಳಕ್ಕೆ ಇಡಬಹುದಾದ ಮೊತ್ತ 3.46 ಕೋಟಿ ಡಾಲರ್. 2025ರಲ್ಲಿ ಅದು 27.92 ಕೋಟಿ ಡಾಲರ್. 32 ತಂಡಗಳಿಗೂ ಒಂದೇ ಮಿತಿ. ದೇಶಾದ್ಯಂತ ಪ್ರಸಾರದಿಂದ ಬರುವ ಟೀವಿ ದುಡ್ಡೂ ಎಲ್ಲರಿಗೂ ಸಮ ಪಾಲು. ಅದಕ್ಕೇ ಗ್ರೀನ್ ಬೇಯಂಥ, ಬರೀ ಒಂದು ಲಕ್ಷ ಚಿಲ್ಲರೆ ಜನಸಂಖ್ಯೆಯ, ಒಬ್ಬ ಶ್ರೀಮಂತ ಮಾಲೀಕನೂ ಇಲ್ಲದೆ ಲಕ್ಷಾಂತರ ಷೇರುದಾರರೇ ಸೇರಿ ನಡೆಸುವ ತಂಡ ಡಲ್ಲಾಸ್‌ನಿಂದ ಆಟಗಾರನನ್ನು ಎತ್ತಿಕೊಂಡು ಹೋಗಬಹುದು.

ಜೆರ್ರಿ ಜೋನ್ಸ್ 1989ರಲ್ಲಿ ಡಲ್ಲಾಸ್ ತಂಡ ಕೊಂಡರು. 90ರ ದಶಕದ ಮೂರು ಕಪ್‌ಗಳ ತಂಡದ ಬುನಾದಿ ಬಿದ್ದಿದ್ದು ಕ್ಯಾಪ್ ಬರುವ ಮುಂಚೆ. ಹರ್ಷೆಲ್ ವಾಕರ್ ಒಬ್ಬನನ್ನು ಮಿನ್ನೆಸೋಟಕ್ಕೆ ಕೊಟ್ಟು ರಾಶಿ ಡ್ರಾಫ್ಟ್ ಪಿಕ್ (ಹೊಸ ಹುಡುಗರನ್ನು ಆರಿಸುವ ಸರದಿ) ತಗೊಂಡ ಕಾಲ ಅದು. ನಿಮ್ಮ ಡಲ್ಲಾಸ್ ಗೆಳೆಯರು ಈಗಲೂ ಆ ಕಥೆಯನ್ನೇ ಹೇಳುತ್ತಿರುತ್ತಾರೆ, ಅಲ್ವಾ?

ಇನ್ನು ಡ್ರಾಫ್ಟ್. ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಸರದಿ ಪ್ರಕಾರ ಆರಿಸುತ್ತವೆ. ಏಳು ರೌಂಡ್. ಹಿಂದಿನ ವರ್ಷ ಅತಿ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ, ಕಪ್ ಗೆದ್ದವರಿಗೆ ಕೊನೆಯದು. ಇಲ್ಲಿ ಹರಾಜು ಇಲ್ಲ. ಹುಡುಗನಿಗೆ ಇಷ್ಟೇ ಕೊಡಬೇಕು ಅಂತ ಪಿಕ್ ನಂಬರ್ ಮೇಲೆ ಹೆಚ್ಚುಕಡಿಮೆ ಗೊತ್ತಾಗಿಬಿಟ್ಟಿರುತ್ತದೆ, ಅದೂ ನಾಲ್ಕು ವರ್ಷಕ್ಕೆ. 2011ಕ್ಕೆ ಮುಂಚೆ ಹೀಗಿರಲಿಲ್ಲ. 2010ರ ಮೊದಲ ಪಿಕ್ ಸ್ಯಾಮ್ ಬ್ರಾಡ್‌ಫೋರ್ಡ್ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಕಾಂಟ್ರಾಕ್ಟ್ ತಗೊಂಡ. ಮಾರನೇ ವರ್ಷ ನಿಯಮ ಬದಲಾಯಿತು, ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ 2.2 ಕೋಟಿ.

ಈ ಆಟದ ಗುಟ್ಟು ಇರೋದೇ ಇಲ್ಲಿ. ಮಿತಿ ಎಲ್ಲರಿಗೂ ಒಂದೇ ಆದಾಗ, ಹತ್ತು ರೂಪಾಯಿ ಆಟವನ್ನು ಒಂದು ರೂಪಾಯಿಗೆ ಆಡುವ ಹುಡುಗರು ಯಾರ ಹತ್ತಿರ ಜಾಸ್ತಿ ಇದ್ದಾರೋ ಅವರು ಮುಂದೆ. ಹಾಗೆ ಉಳಿದ ದುಡ್ಡಿನಲ್ಲಿ ಬೇರೆ ಕಡೆ ದೊಡ್ಡ ಆಟಗಾರರನ್ನು ತರಬಹುದು. ಐಪಿಎಲ್‌ನಲ್ಲಿ ಮೂರು ವರ್ಷಕ್ಕೊಮ್ಮೆ ಮೆಗಾ ಹರಾಜು ಬಂದು ತಂಡವನ್ನೇ ಕೆಡವಿ ಕಟ್ಟಿಸುತ್ತದೆ, ಎಲ್ಲರ ಬೆಲೆಯೂ ಆವತ್ತಿನ ಮಾರುಕಟ್ಟೆಯದೇ. ಎನ್‌ಎಫ್‌ಎಲ್‌ನಲ್ಲಿ ಹಾಗೆ ಕೆಡವೋರು ಯಾರೂ ಇಲ್ಲ. ಒಬ್ಬೊಬ್ಬ ಆಟಗಾರನ ಗಡಿಯಾರ ಒಂದೊಂದು ಹೊತ್ತಿಗೆ ಬಾರಿಸುತ್ತದೆ, ಮ್ಯಾನೇಜರ್ ಅದನ್ನು ಕೇಳಿಸಿಕೊಳ್ಳುತ್ತಾ ಇರಬೇಕು.

ಡಲ್ಲಾಸ್‌ಗೆ ಇಂಥ ಅದೃಷ್ಟ ಬರಲಿಲ್ಲ ಅನ್ನೋ ಹಾಗೇ ಇಲ್ಲ. ಡ್ಯಾಕ್ ಪ್ರೆಸ್ಕಾಟ್ 2016ರಲ್ಲಿ ನಾಲ್ಕನೇ ರೌಂಡ್‌ನಲ್ಲಿ, 135ನೇ ಪಿಕ್ ಆಗಿ ಬಂದವನು. ಬೆಂಚ್ ಕಾಯೋಕೆ ಅಂತ ತಂದ ಹುಡುಗ. ಸೀಸನ್ ಶುರುವಾಗುವ ಮುಂಚೆ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಟೋನಿ ರೋಮೊ ಬೆನ್ನಿಗೆ ಪೆಟ್ಟಾಯಿತು, ಇವನು ಇಳಿದ, ತಂಡ 13 ಗೆದ್ದು ಮೂರೇ ಸೋತಿತು. ಆ ವರ್ಷ ಅವನ ಮೂಲ ಸಂಬಳ 4.5 ಲಕ್ಷ ಡಾಲರ್. ಲೀಗಿನ ಮಿತಿ 15.5 ಕೋಟಿ ದಾಟಿತ್ತು, ನೆನಪಿರಲಿ. ಕ್ವಾರ್ಟರ್‌ಬ್ಯಾಕ್ ಅಷ್ಟು ಅಗ್ಗಕ್ಕೆ ಸಿಕ್ಕಾಗ ಆ ಮೂರು ನಾಲ್ಕು ವರ್ಷದಲ್ಲೇ ಮೈಮುರಿದು ತಂಡ ತುಂಬಬೇಕು. ಇವರಿಗೆ ರೋಮೊನ ಲೆಕ್ಕ ಮುಗಿದಿರಲಿಲ್ಲ. 2017ರಲ್ಲಿ ಅವನು ಆಟ ಬಿಟ್ಟ ಮೇಲೂ ಎರಡು ವರ್ಷ ಅವನ ಹೆಸರಲ್ಲಿ ದುಡ್ಡು ಕ್ಯಾಪ್‌ನಲ್ಲಿ ಕಟ್ ಆಗುತ್ತಲೇ ಇತ್ತು.

ಅದು ಹೇಗೆ ಅಂತೀರಾ? ಹೇಳ್ತೀನಿ. ಆಟಗಾರನಿಗೆ ಸಹಿ ಹಾಕುವಾಗ ಬೋನಸ್ ಕೊಡುತ್ತಾರೆ. ಕ್ಯಾಪ್ ಲೆಕ್ಕದಲ್ಲಿ ಅದನ್ನು ಐದು ವರ್ಷದವರೆಗೂ ಹರಡಬಹುದು. 5 ಕೋಟಿ ಬೋನಸ್ ಕೊಟ್ಟರೆ ವರ್ಷಕ್ಕೆ 1 ಕೋಟಿ ಅಂತ ತೋರಿಸಿದರೆ ಸಾಕು. ನಮ್ಮ ಇಎಂಐ ತರಹವೇ. ಗಾಡಿ ಮಾರಿದ ಮಾತ್ರಕ್ಕೆ ಕಂತು ನಿಲ್ಲುತ್ತಾ? ಎರಡು ವರ್ಷಕ್ಕೆ ಆಟಗಾರ ಹೊರಟರೆ ಬಾಕಿ 3 ಕೋಟಿ ನಿಮ್ಮ ತಲೆ ಮೇಲೆ ಬೀಳುತ್ತದೆ. ಇದಕ್ಕೆ ಡೆಡ್ ಮನಿ ಅಂತಾರೆ. ದೊಡ್ಡ ಉದಾಹರಣೆ ಡೆನ್ವರ್. 2024ರಲ್ಲಿ ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ನನ್ನು ಮನೆಗೆ ಕಳಿಸಿ ಎರಡು ವರ್ಷದಲ್ಲಿ ಸುಮಾರು 8.5 ಕೋಟಿ ಡಾಲರ್ ಡೆಡ್ ಮನಿ ಹೊತ್ತುಕೊಂಡರು. ಎಲ್ಲರೂ ಇವರ ಕಥೆ ಮುಗೀತು ಅಂದರು. ಅದೇ ವರ್ಷ 12ನೇ ಪಿಕ್‌ನಲ್ಲಿ ಬೋ ನಿಕ್ಸ್‌ನನ್ನು ತಗೊಂಡರು, ನಾಲ್ಕು ವರ್ಷಕ್ಕೆ ಸೇರಿ 1.9 ಕೋಟಿಯೂ ಆಗಲಿಲ್ಲ, ಹತ್ತು ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋದರು. ಅಗ್ಗದ ಕ್ವಾರ್ಟರ್‌ಬ್ಯಾಕ್ ಒಬ್ಬ ಅಷ್ಟು ದೊಡ್ಡ ಹಳ್ಳವನ್ನೂ ಮುಚ್ಚಬಲ್ಲ.

ಈಗ ಪಾರ್ಸನ್ಸ್‌ಗೆ ಬರೋಣ. ಅವನು ಡಲ್ಲಾಸ್‌ಗೆ ಬಂದ ರಾತ್ರಿಯ ಕಥೆ ನಿಮಗೆ ಗೊತ್ತಿರಬಹುದು, ಆದರೂ ಹೇಳದೆ ಇರೋಕಾಗಲ್ಲ. 2021ರ ಡ್ರಾಫ್ಟ್. ಡಲ್ಲಾಸ್‌ನವರದು 10ನೇ ಸರದಿ, ಬೇಕಾಗಿದ್ದು ಕಾರ್ನರ್‌ಬ್ಯಾಕ್ (ಎದುರಾಳಿಯ ಪಾಸ್ ತಡೆಯುವ ರಕ್ಷಕ). ಅವರ ಕಣ್ಣಿದ್ದ ಇಬ್ಬರೂ, ಜೇಸಿ ಹಾರ್ನ್ ಮತ್ತು ಪ್ಯಾಟ್ರಿಕ್ ಸರ್ಟೆನ್, 8 ಮತ್ತು 9ಕ್ಕೆ ಹೋಗಿಬಿಟ್ಟರು. ಆಗ ತಮ್ಮ ಕಡುವೈರಿ ಫಿಲಡೆಲ್ಫಿಯಾಗೇ 10ನೇ ಸರದಿ ಕೊಟ್ಟು, 12ನೆಯದು ಮತ್ತು ಮೂರನೇ ರೌಂಡ್‌ನ 84ನೆಯದು ತಗೊಂಡರು. ಫಿಲಡೆಲ್ಫಿಯಾ ಡೆವಾಂಟಾ ಸ್ಮಿತ್‌ನನ್ನು ಆರಿಸಿತು, ಎರಡು ಹೆಜ್ಜೆ ಹಿಂದೆ ನಿಂತ ಡಲ್ಲಾಸ್‌ಗೆ ಪಾರ್ಸನ್ಸ್ ಸಿಕ್ಕ. ನಾಲ್ಕು ವರ್ಷದಲ್ಲಿ 52.5 ಸ್ಯಾಕ್ (ಎದುರಾಳಿ ಕ್ವಾರ್ಟರ್‌ಬ್ಯಾಕ್ ಚೆಂಡೆಸೆಯುವ ಮುಂಚೆಯೇ ಅವನನ್ನು ಕೆಡವುವುದು), ಸಂಬಳ ಒಟ್ಟು ಸುಮಾರು 1.7 ಕೋಟಿ ಡಾಲರ್. ಡ್ರಾಫ್ಟ್‌ನಲ್ಲಿ ಇದಕ್ಕಿಂತ ಒಳ್ಳೆ ವ್ಯಾಪಾರ ಕಷ್ಟ. ನನ್ನನ್ನು ಕೇಳಿದರೆ ಡಲ್ಲಾಸ್‌ನವರು ಹುಡುಗರನ್ನು ಆರಿಸುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಎಡವುವುದು ಆಮೇಲೆ.

ನಿಯಮದ ಪ್ರಕಾರ ಮೂರು ಸೀಸನ್ ಆದ ಮೇಲೆ ಹೊಸ ಕಾಂಟ್ರಾಕ್ಟ್ ಮಾತಾಡಬಹುದು. ಅಂದರೆ 2024ರ ಆರಂಭದಲ್ಲೇ. ಆಗ ಕ್ವಾರ್ಟರ್‌ಬ್ಯಾಕ್ ಅಲ್ಲದವರಲ್ಲಿ ಅತಿ ಜಾಸ್ತಿ ಸಂಬಳ ನಿಕ್ ಬೋಸಾನದು, ವರ್ಷಕ್ಕೆ 3.4 ಕೋಟಿ. ಇವರು ಸುಮ್ನೆ ಕೂತರು. 2025ರ ಮಾರ್ಚ್‌ನಲ್ಲಿ ಮೈಲ್ಸ್ ಗ್ಯಾರೆಟ್ 4 ಕೋಟಿಗೆ ಸಹಿ ಹಾಕಿದ. ಜುಲೈನಲ್ಲಿ ಟಿ.ಜೆ. ವಾಟ್ 4.1 ಕೋಟಿ. ಈ ನಡುವೆ ಜೋನ್ಸ್ ಅವರು ಏಜೆಂಟ್‌ನನ್ನು ಪಕ್ಕಕ್ಕಿಟ್ಟು ಹುಡುಗನ ಜೊತೆ ತಾವೇ ಕೂತು ಮಾತು ಮುಗಿಸಿದ್ದೇನೆ ಅಂದುಕೊಂಡಿದ್ದರು. ಹುಡುಗ ಹಾಗಂದುಕೊಂಡಿರಲಿಲ್ಲ. ಆಗಸ್ಟ್ 1ಕ್ಕೆ ನನ್ನನ್ನು ಬೇರೆ ಕಡೆ ಕಳಿಸಿ ಅಂದ, 28ಕ್ಕೆ ಗ್ರೀನ್ ಬೇಗೆ ಹೋದ. ಅಲ್ಲಿ ನಾಲ್ಕು ವರ್ಷಕ್ಕೆ 18.8 ಕೋಟಿ, ವರ್ಷಕ್ಕೆ 4.7. ಒಂದೂವರೆ ವರ್ಷ ಕಾದಿದ್ದಕ್ಕೆ ವರ್ಷಕ್ಕೆ ಕೋಟಿಗೂ ಮೇಲೆ ಬೆಲೆ ಏರಿತು.

ಇದು ಒಂದು ಸಲದ ಮಾತಾಗಿದ್ದರೆ ಬಿಡಬಹುದಿತ್ತು. ಪ್ರೆಸ್ಕಾಟ್‌ನನ್ನೂ ಎರಡು ಸಲ ಫ್ರಾಂಚೈಸ್ ಟ್ಯಾಗ್ (ಕಾಂಟ್ರಾಕ್ಟ್ ಮುಗಿದವನನ್ನು ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು) ಹಾಕಿ ಎಳೆದಾಡಿದರು. 2021ರಲ್ಲಿ ಕೊನೆಗೂ ಸಹಿ ಹಾಕುವಾಗ ಅವನು ಇನ್ನು ಮುಂದೆ ಟ್ಯಾಗ್ ಹಾಕಬಾರದು ಅಂತ ಬರೆಸಿಕೊಂಡ. ಹಾಗಾಗಿ 2024ರ ಸೆಪ್ಟೆಂಬರ್‌ನಲ್ಲಿ, ಸೀಸನ್‌ನ ಮೊದಲ ಪಂದ್ಯಕ್ಕೆ ಕೆಲವೇ ಗಂಟೆ ಇರುವಾಗ, ಅವನು ಕೇಳಿದ್ದನ್ನು ಕೊಡದೆ ಬೇರೆ ದಾರಿ ಇರಲಿಲ್ಲ: ವರ್ಷಕ್ಕೆ 6 ಕೋಟಿ, ಲೀಗ್‌ನಲ್ಲೇ ಅತಿ ಹೆಚ್ಚು. ತಂಡದ ಇನ್ನೊಬ್ಬ ಆಟಗಾರ ಸೀಡಿ ಲ್ಯಾಂಬ್ ಸಹಿಯೂ ಹೀಗೇ, ಅದೇ ವರ್ಷದ ಆಗಸ್ಟ್ ಕೊನೆಗೆ.

ಫಿಲಡೆಲ್ಫಿಯಾದ ಮ್ಯಾನೇಜರ್ ಹೋವಿ ರೋಸ್‌ಮನ್ ಇದಕ್ಕೆ ಸರಿಯಾಗಿ ಉಲ್ಟಾ. ತಮ್ಮ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ಗೆ 2023ರ ಏಪ್ರಿಲ್‌ನಲ್ಲೇ ವರ್ಷಕ್ಕೆ 5.1 ಕೋಟಿಗೆ ಸಹಿ ಹಾಕಿಸಿದರು. ಆವತ್ತು ಇದು ಜಾಸ್ತಿ ಆಯಿತು ಅಂದವರಿದ್ದರು. ಎರಡು ವರ್ಷ ಕಳೆಯುವುದರೊಳಗೆ ಅದೇ ಅಗ್ಗ ಅನ್ನಿಸತೊಡಗಿತು. ಸ್ಮಿತ್, ಎ.ಜೆ. ಬ್ರೌನ್, ಜೋರ್ಡನ್ ಮೈಲಾಟಾ ಮೂವರದೂ 2024ರ ಏಪ್ರಿಲ್‌ನಲ್ಲೇ ಮುಗಿಸಿದರು. ಈ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಹುಡುಗ. ಅಮೆರಿಕನ್ ಫುಟ್‌ಬಾಲ್ ಒಂದು ಪಂದ್ಯವನ್ನೂ ಆಡದವನನ್ನು 2018ರಲ್ಲಿ ಏಳನೇ ರೌಂಡ್‌ನಲ್ಲಿ ತಂದು ಪಳಗಿಸಿದರು! ರೋಸ್‌ಮನ್ ಬೋನಸ್ ಕಂತುಗಳನ್ನು ಇನ್ನೂ ಮುಂದೆ ಮುಂದೆ ತಳ್ಳುವುದರಲ್ಲೂ ನಿಸ್ಸೀಮರು, ಅದರ ಬಿಲ್ ಒಂದು ದಿನ ಬಂದೇ ಬರುತ್ತದೆ. ಆದರೆ ಮಿತಿ ವರ್ಷ ವರ್ಷ ಏರುತ್ತಿರುವ ಲೀಗ್‌ನಲ್ಲಿ ಹಾಗೆ ತಳ್ಳುವುದು ಲಾಭ. 2025ರ ಫೆಬ್ರವರಿಯಲ್ಲಿ ಕನ್ಸಾಸ್ ಸಿಟಿಯನ್ನು 40-22ರಿಂದ ಸೋಲಿಸಿ ಕಪ್ ಎತ್ತಿದ್ದು ಈ ತಂಡ, ಡಲ್ಲಾಸ್‌ಗಿದ್ದ ಅದೇ ಮಿತಿಯಲ್ಲಿ.

ಕೊನೆಗೆ, ಪಾರ್ಸನ್ಸ್ ಬದಲಿಗೆ ಬಂದದ್ದು ಲಾಭವಾ ಅಂತ ನೋಡೋಣ. ಕೆನ್ನಿ ಕ್ಲಾರ್ಕ್ ಎಂಬ ಆಟಗಾರನ ಜೊತೆಗೆ ಗ್ರೀನ್ ಬೇಯ 2026 ಮತ್ತು 2027ರ ಫಸ್ಟ್ ರೌಂಡ್ ಪಿಕ್. ಕ್ವಾರ್ಟರ್‌ಬ್ಯಾಕ್‌ಗೆ 6 ಕೋಟಿ ಕೊಡುವ ತಂಡಕ್ಕೆ ಅಗ್ಗದ ಹುಡುಗರು ಇಬ್ಬರು ಬೇಕೇ ಬೇಕು, ಅಷ್ಟರ ಮಟ್ಟಿಗೆ ಲೆಕ್ಕ ಸರಿ. ಆದರೆ ಪಿಕ್ ಅಂದರೆ ಬರೀ ಸರದಿ, ಆಟಗಾರ ಅಲ್ಲ. ನಾಲ್ಕು ವರ್ಷವೂ 12ಕ್ಕೆ ಕಡಿಮೆ ಇಲ್ಲದಂತೆ ಸ್ಯಾಕ್ ಮಾಡುವವನು ಇಬ್ಬರಲ್ಲಿ ಒಬ್ಬನಾದರೂ ಸಿಗುತ್ತಾನೆ ಅಂತ ನಾನು ಬಾಜಿ ಕಟ್ಟಲಾರೆ. ಗ್ರೀನ್ ಬೇ ಗೆಲ್ಲುತ್ತಾ ಹೋದಷ್ಟೂ ಆ ಪಿಕ್ 25, 30 ಅಂತ ಕೆಳಗೆ ಜಾರುತ್ತದೆ. ಪಾರ್ಸನ್ಸ್ ಅಲ್ಲಿ ಚೆನ್ನಾಗಿ ಆಡಿದರೆ ಡಲ್ಲಾಸ್‌ಗೆ ನಷ್ಟದ ಮೇಲೆ ನಷ್ಟ. 2025ರ ಸೆಪ್ಟೆಂಬರ್ 28ರಂದು ಎರಡೂ ತಂಡ ಆರ್ಲಿಂಗ್‌ಟನ್‌ನಲ್ಲಿ 40-40 ಸಮ ಮಾಡಿಕೊಂಡಿದ್ದನ್ನು ನೀವು ನೋಡಿಯೇ ಇರುತ್ತೀರಿ. 2026ರ ಸೀಸನ್ ಮುಗಿಯುವವರೆಗೂ ಡಲ್ಲಾಸ್ ಪಂದ್ಯ ಮುಗಿದ ಮೇಲೆ ಗ್ರೀನ್ ಬೇ ಸ್ಕೋರನ್ನೂ ನೋಡಿ, ಅವರು ಸೋತ ದಿನ ಸ್ವಲ್ಪ ಖುಷಿಪಡಿ.