ಅರಬ್ಬಿಯ ಧಾರ್ಮಿಕ ಪದಗಳೆಲ್ಲ ಹೀಬ್ರೂವಿನಿಂದ ಬಂದವೇ?

ಸಲಾತ್ (ಪ್ರಾರ್ಥನೆ, ನಮಾಜು), ಸಲಾಮ್ (ಶಾಂತಿ) ಮುಂತಾದ ಪದಗಳಿಗೆ ಯಹೂದಿಗಳ ಮಾತಿನಲ್ಲೂ ಹೋಲುವ ರೂಪಗಳಿರುವುದರಿಂದ, ಅರಬ್ಬಿಯು ಇವನ್ನೆಲ್ಲ ಹೀಬ್ರೂವಿನಿಂದ ಎರವಲು ಪಡೆಯಿತೇ ಎಂದು ಕೇಳಿದ್ದೀರಿ. ಹೋಲಿಕೆ ನಿಜ, ಆದರೆ ರಕ್ತಸಂಬಂಧದಿಂದ ಬಂದ ಹೋಲಿಕೆಯೇ ಬೇರೆ, ಎರವಲಿನಿಂದ ಬಂದದ್ದೇ ಬೇರೆ.

ಅರಬ್ಬಿ, ಹೀಬ್ರೂ, ಅರಾಮಾಯಿಕ್ ಹಾಗೂ ಇಥಿಯೋಪಿಯದ ಗೀಝ್ ಒಂದೇ ಸೆಮಿಟಿಕ್ ಕುಟುಂಬದ ಭಾಷೆಗಳು. ತಮಿಳಿನ 'ಪಾಲ್', ಕನ್ನಡದ 'ಹಾಲು' ಒಂದೇ ಮೂಲದಿಂದ ಕವಲೊಡೆದಿರುವಂತೆಯೇ ಸಲಾಮ್ ಮತ್ತು ಶಾಲೋಮ್ ಕೂಡ ಸೋದರ ಪದಗಳು. ಅರಬ್ಬಿಯ ಸಕಾರಕ್ಕೆ ಹೀಬ್ರೂವಿನಲ್ಲಿ ಶಕಾರ ಬರುವುದು ಇನ್ನೂ ಎಷ್ಟೋ ಪದಗಳಲ್ಲಿ ಕಾಣುವ ನಿಯತ ವ್ಯತ್ಯಾಸ. ದೇವರೆಂಬ ಅರ್ಥದ ಇಲಾಹ್ ಹಾಗೂ ಎಲೋಹ ಸಹ ಇದೇ ಬಗೆಯವು.

ಸಲಾತ್‌ನ ಕಥೆ ಬೇರೆ, ಅದು ಅರಾಮಾಯಿಕ್‌ನಿಂದ ಬಂದ ಎರವಲೆಂದು ತೋರುತ್ತದೆ. ಅರಾಮಾಯಿಕ್‌ನ ಸಿರಿಯಾಕ್ ಪ್ರಭೇದದಲ್ಲಿ ಪ್ರಾರ್ಥನೆಗೆ 'ಸ್ಲೋತಾ' ಎನ್ನುತ್ತಾರೆ, ಅದರ ಧಾತುವಿಗೆ ಬಾಗು ಎಂಬ ಅರ್ಥವೂ ಅಲ್ಲಿ ಜೀವಂತವಾಗಿದೆ. ಕುರ್‌ಆನಿನ ಹಳೆಯ ಬರವಣಿಗೆಯಲ್ಲಿ ಸಲಾತ್, ಝಕಾತ್ (ಕಡ್ಡಾಯ ದಾನ) ಎರಡನ್ನೂ ದೀರ್ಘ ಆಕಾರದ ಜಾಗದಲ್ಲಿ 'ವಾವ್' (ವಕಾರದ) ಅಕ್ಷರವಿಟ್ಟು ಬರೆಯಲಾಗಿದ್ದು, ಹಲವು ವಿದ್ವಾಂಸರು ಅದನ್ನು ಅರಾಮಾಯಿಕ್ ಮೂಲದ ಗುರುತೆಂದು ಓದಿದ್ದಾರೆ. ಬಿಡುಗಡೆ ಎಂಬ ಅರ್ಥದ 'ನಜಾತ್' ಅಪ್ಪಟ ಅರಬ್ಬಿ ಧಾತುವಿನದಾದರೂ ಅದರಲ್ಲೂ ಈ ವಾವ್ ಇರುವುದರಿಂದ, ಅಕ್ಷರವೊಂದನ್ನೇ ನಂಬಿ ತೀರ್ಮಾನಿಸುವುದು ನನಗೆ ಒಪ್ಪಿಗೆಯಾಗದು. ಬಾಗು ಎಂಬ ಅರ್ಥದ ಸಾಕ್ಷಿಯೇ ಹೆಚ್ಚು ಬಲವಾದದ್ದು.

ಇನ್ನು ಎರವಲೆಲ್ಲ ಉತ್ತರದಿಂದಲೇ ಬಂದದ್ದೂ ಅಲ್ಲ. ಯೇಸುವಿನ ಶಿಷ್ಯರನ್ನು ಸೂಚಿಸುವ 'ಹವಾರಿಯ್ಯೂನ್' ಕೆಂಪು ಸಮುದ್ರದಾಚೆಯ ಗೀಝ್‌ನಿಂದ ಬಂದಿದೆ. ಅಲ್ಲಿ 'ಹವಾರ್ಯಾ' ಎಂದರೆ ಅಪೊಸ್ತಲ. ಯೆಮನ್ನಿನ ಹಿಮ್ಯರ್ ರಾಜ್ಯದ ಶಾಸನಗಳಂತೂ ಇಸ್ಲಾಮಿಗಿಂತ ಮೊದಲೇ ಏಕದೇವನನ್ನು 'ರಹ್ಮಾನಾನ್' (ಕರುಣಾಮಯಿ, ಅರಬ್ಬಿಯಲ್ಲಿ ರಹ್ಮಾನ್) ಎಂದು ಕರೆದಿವೆ.

ಇದು ಪಾಶ್ಚಾತ್ಯರು ಹುಟ್ಟುಹಾಕಿದ ಚರ್ಚೆಯೆಂದು ಕೆಲವರು ಭಾವಿಸುತ್ತಾರೆ, ಅದು ಸರಿಯಲ್ಲ. 820ರಲ್ಲಿ ತೀರಿಕೊಂಡ ಇಸ್ಲಾಮೀ ಧರ್ಮಶಾಸ್ತ್ರಜ್ಞ ಇಮಾಮ್ ಶಾಫಿಈ ಕುರ್‌ಆನಿನಲ್ಲಿ ಅನ್ಯಭಾಷೆಯ ಪದಗಳೇ ಇಲ್ಲವೆಂದು ವಾದಿಸಿದರೆ, 1505ರಲ್ಲಿ ತೀರಿಕೊಂಡ ವಿದ್ವಾಂಸ ಸುಯೂತಿ ಅಂಥ ಪದಗಳನ್ನು ಭಾಷಾವಾರು ಪಟ್ಟಿಮಾಡಿದರು. ಆಧುನಿಕ ಕಾಲದಲ್ಲಿ ಆರ್ಥರ್ ಜೆಫ್ರಿಯವರು ಸಿದ್ಧಪಡಿಸಿದ, ಕುರ್‌ಆನಿನ ಅನ್ಯಭಾಷಾ ಪದಗಳ ಕೋಶ ಪ್ರಕಟವಾದದ್ದು, ಸ್ವಾರಸ್ಯವೆಂಬಂತೆ, ನಮ್ಮದೇ ದೇಶದ ಬರೋಡಾದಲ್ಲಿ, 1938ರಲ್ಲಿ. ಅದರ ಕೆಲವು ವ್ಯುತ್ಪತ್ತಿಗಳನ್ನು ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರಾದರೂ, ಒಂದೊಂದು ಪದವನ್ನೂ ಬಿಡಿಯಾಗಿ ಪರಿಶೀಲಿಸಲು ಬಯಸುವವರು ಈಗಲೂ ಅಲ್ಲಿಂದಲೇ ಆರಂಭಿಸಬಹುದು.