ಆರು ತಿಂಗಳು ಅಂದರೆ ಎಷ್ಟು?

ಓದುಗರ ಪತ್ರ: ನಮ್ಮ ತಂದೆಗೆ ಶ್ವಾಸಕೋಶದ ಕ್ಯಾನ್ಸರ್, ನಾಲ್ಕನೇ ಹಂತ. ಒಬ್ಬ ಡಾಕ್ಟರು ‘ಆರು ತಿಂಗಳು’ ಅಂದರು. ಇನ್ನೊಬ್ಬರು ‘ಹಾಗೆಲ್ಲ ಹೇಳೋಕಾಗಲ್ಲ’ ಅಂದರು. ಯಾರನ್ನು ನಂಬೋದು? ಗೊತ್ತಿದ್ದೂ ಮುಚ್ಚಿಡ್ತಾರಾ? ಅಣ್ಣ ದೂರದ ದೇಶದಲ್ಲಿದ್ದಾನೆ, ಯಾವಾಗ ಹೊರಡಲಿ ಅಂತ ದಿನಾ ಕೇಳ್ತಾನೆ. ಅಪ್ಪನಿಗೆ ನಾವು ಇನ್ನೂ ಏನೂ ಹೇಳಿಲ್ಲ. (ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಪ್ರಿಯರೇ,

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಕೊನೆಯ ಸಾಲು ಪ್ರಶ್ನೆಯಲ್ಲ, ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಅದಕ್ಕೂ ಬರುತ್ತೇನೆ. ನಾನು ವೈದ್ಯನಲ್ಲ, ನಿಮ್ಮ ತಂದೆಯ ರಿಪೋರ್ಟ್‌ಗಳನ್ನೂ ನೋಡಿಲ್ಲ. ಹಾಗಾಗಿ ಅವರಿಗೆ ಎಷ್ಟು ಸಮಯವಿದೆ ಎಂದು ನಾನು ಹೇಳಲಾರೆ. ಇಂಥ ಅಂದಾಜು ಹೇಗೆ ಹುಟ್ಟುತ್ತದೆ, ಅದನ್ನು ಎಷ್ಟು ನಂಬಬಹುದು, ಡಾಕ್ಟರ ಹತ್ತಿರ ಏನು ಕೇಳಿದರೆ ನಿಮಗೆ ಉಪಯೋಗ ಆಗುತ್ತದೆ ಎನ್ನುವುದನ್ನು ಹೇಳಬಲ್ಲೆ.

ಇಬ್ಬರು ಡಾಕ್ಟರೂ ಸುಳ್ಳು ಹೇಳಿಲ್ಲ ಎಂದೇ ನನ್ನ ನಂಬಿಕೆ. ಆದರೆ ‘ಮುಚ್ಚಿಡ್ತಾರಾ’ ಎಂಬ ನಿಮ್ಮ ಅನುಮಾನವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅಮೆರಿಕದ ಶಿಕಾಗೋದಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮಾಂಟ್ ಎಂಬ ವೈದ್ಯರು ಒಂದು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದರು. ಹಾಸ್ಪಿಸ್ ಆರೈಕೆಗೆ, ಅಂದರೆ ಕೊನೆಗಾಲದ ಆರೈಕೆಗೆ ಸೇರಿದ್ದ 468 ರೋಗಿಗಳ ಬಗ್ಗೆ ಅವರವರ ಡಾಕ್ಟರುಗಳನ್ನು ‘ಇವರು ಇನ್ನೆಷ್ಟು ಕಾಲ ಬದುಕಬಹುದು’ ಎಂದು ಕೇಳಿದರು. ಅಂದಾಜು ನಿಜವಾದ ಅವಧಿಗಿಂತ ಮೂರನೇ ಒಂದು ಭಾಗ ಹೆಚ್ಚುಕಡಿಮೆ ಆದರೂ ಸರಿ ಎಂದೇ ಲೆಕ್ಕ ಹಿಡಿದರು. ಅಷ್ಟು ಸಡಿಲ ಬಿಟ್ಟರೂ ಸರಿಯಾದದ್ದು ಶೇ 20 ಮಾತ್ರ. ಶೇ 63ರಷ್ಟು ಅಂದಾಜುಗಳು ಅತಿಯಾದ ಭರವಸೆಯವು. ಒಟ್ಟಾರೆ ನೋಡಿದರೆ ಡಾಕ್ಟರುಗಳು ನಿಜವಾದ ಅವಧಿಯ ಐದು ಪಟ್ಟಿಗಿಂತ ಜಾಸ್ತಿ ಹೇಳಿದ್ದರು. ರೋಗಿಯನ್ನು ಹೆಚ್ಚು ಕಾಲದಿಂದ ಬಲ್ಲ ಡಾಕ್ಟರ ಅಂದಾಜು ಇನ್ನೂ ಹೆಚ್ಚು ತಪ್ಪಿತ್ತು. ವರ್ಷಗಟ್ಟಲೆ ನೋಡಿಕೊಂಡ ಮನುಷ್ಯ ಇಷ್ಟು ಬೇಗ ಹೋಗಿಬಿಡುತ್ತಾನೆ ಎಂದು ಒಪ್ಪಲು ಅವರಿಗೂ ಕಷ್ಟ, ಅಲ್ವಾ?

ಅದೇ ರೋಗಿಗಳಲ್ಲಿ ಕ್ಯಾನ್ಸರ್ ಇದ್ದವರ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ‘ರೋಗಿಯೇ ಒತ್ತಾಯ ಮಾಡಿ ಕೇಳಿದರೆ ಏನು ಹೇಳುತ್ತೀರಿ?’ ಮನಸ್ಸಿನಲ್ಲಿರುವ ಅಂದಾಜನ್ನೇ ಹೇಳುತ್ತೇವೆ ಎಂಬ ಉತ್ತರ ಬಂದದ್ದು ಸುಮಾರು ಶೇ 37 ರೋಗಿಗಳ ವಿಷಯದಲ್ಲಷ್ಟೇ. ಮಿಕ್ಕವರಿಗೆ ಒಂದೋ ಏನೂ ಹೇಳುವುದಿಲ್ಲ, ಇಲ್ಲವೇ ಬೇರೆ ಅಂಕಿ ಹೇಳುತ್ತೇವೆ ಎಂದರು. ಆ ಬೇರೆ ಅಂಕಿ ಹೆಚ್ಚಾಗಿ ಮನಸ್ಸಿನಲ್ಲಿದ್ದದ್ದಕ್ಕಿಂತ ದೊಡ್ಡದು. ಅಂದರೆ ಮೊದಲೇ ಹಿಗ್ಗಿದ ಅಂದಾಜು ಬಾಯಿಗೆ ಬರುವಾಗ ಇನ್ನಷ್ಟು ಹಿಗ್ಗುತ್ತದೆ. ಇದರ ಹಿಂದೆ ಕೆಟ್ಟ ಉದ್ದೇಶವಿಲ್ಲ. ಆದರೂ ಮನೆಯವರು ತಯಾರಾಗದೆ ಉಳಿದುಬಿಡುತ್ತಾರೆ.

ಈಗ ‘ಆರು ತಿಂಗಳು’ ಎಂಬ ಮಾತಿಗೆ ಬರೋಣ. ಈ ಅಂಕಿ ಸಾಮಾನ್ಯವಾಗಿ ಮೀಡಿಯನ್ ಆಗಿರುತ್ತದೆ. ಒಂದೇ ಕಾಯಿಲೆಯ, ಒಂದೇ ಹಂತದ ನೂರು ಜನರನ್ನು ತೆಗೆದುಕೊಳ್ಳಿ. ಅವರಲ್ಲಿ ಐವತ್ತು ಜನ ಆರು ತಿಂಗಳೊಳಗೆ ತೀರಿಕೊಂಡರೆ, ಉಳಿದ ಐವತ್ತು ಜನ ಅದಕ್ಕಿಂತ ಹೆಚ್ಚು ಬದುಕಿದರೆ ಮೀಡಿಯನ್ ಆರು ತಿಂಗಳು. ಅದು ಗಡುವಲ್ಲ. ಮಾರ್ಟಿನ್ ಸ್ಟಾಕ್ಲರ್, ಬೆಲಿಂಡಾ ಕೈಲಿ ಎಂಬ ಆಸ್ಟ್ರೇಲಿಯಾದ ಕ್ಯಾನ್ಸರ್ ತಜ್ಞರು ಮುಂದುವರಿದ ಕ್ಯಾನ್ಸರ್‌ನ ಅಧ್ಯಯನಗಳನ್ನು ಜೋಡಿಸಿ ನೋಡಿ ಒಂದು ಸುಲಭದ ಲೆಕ್ಕ ಕೊಟ್ಟಿದ್ದಾರೆ. ಸುಮಾರು ಅರ್ಧದಷ್ಟು ಜನ ಮೀಡಿಯನ್‌ನ ಅರ್ಧದಿಂದ ಎರಡು ಪಟ್ಟಿನ ನಡುವೆ ಬರುತ್ತಾರೆ. ನೂರಕ್ಕೆ ಐದರಿಂದ ಹತ್ತು ಜನ ಮೂರು ಪಟ್ಟಿಗೂ ಹೆಚ್ಚು ಕಾಲ ಬದುಕುತ್ತಾರೆ. ಅಷ್ಟೇ ಜನ ಕಾಲು ಭಾಗದ ಸಮಯವನ್ನೂ ದಾಟುವುದಿಲ್ಲ. ಈ ಲೆಕ್ಕದಲ್ಲಿ ಆರು ತಿಂಗಳು ಅಂದರೆ ಹೆಚ್ಚಾಗಿ ಮೂರು ತಿಂಗಳಿಂದ ಒಂದು ವರ್ಷ. ಅದೃಷ್ಟವಿದ್ದರೆ ಒಂದೂವರೆ ವರ್ಷ ದಾಟಬಹುದು. ಕೆಟ್ಟರೆ ಆರು ವಾರವೇ ಇರಬಹುದು. ನೋಡಿ, ಒಂದು ಅಂಕಿಯೊಳಗೆ ಎಷ್ಟು ದೊಡ್ಡ ಜಾಗವಿದೆ! ‘ಹೇಳೋಕಾಗಲ್ಲ’ ಎಂದ ಡಾಕ್ಟರು ಹೇಳಿದ್ದು ಈ ಜಾಗದ ಬಗ್ಗೆಯೇ ಇರಬೇಕು. ಅದನ್ನು ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು.

ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಆಗ ಅದರ ಮೀಡಿಯನ್ ಎಂಟು ತಿಂಗಳು. ಅವರು ಬದುಕಿದ್ದು 20 ವರ್ಷ, ಕೊನೆಗೆ ಬೇರೊಂದು ಕ್ಯಾನ್ಸರ್‌ನಿಂದ ತೀರಿಕೊಂಡರು. ಇದನ್ನು ನಿಮಗೆ ಭರವಸೆಯ ಮಾತಾಗಿ ಹೇಳುತ್ತಿಲ್ಲ. ಅಷ್ಟು ದೂರ ಹೋಗುವವರು ಬೆರಳೆಣಿಕೆಯ ಜನ. ಆದರೆ ಅಂಥವರು ಇರುತ್ತಾರೆ ಎನ್ನುವುದೂ ಲೆಕ್ಕದ ಭಾಗವೇ.

ಇನ್ನೊಂದು ಮಾತು. ಪುಸ್ತಕದ ಅಂಕಿಗಳು ಕೆಲವು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರಿಂದ ಬಂದವು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇದು ತುಂಬ ಮುಖ್ಯ. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ಇಜಿಎಫ್ಆರ್ ಅಥವಾ ಎಎಲ್‌ಕೆ ಎಂಬ ಜೀನ್‌ನಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೆಂದೇ ಮಾತ್ರೆಗಳಿವೆ. ಅವು ಕೆಲಸ ಮಾಡಿದರೆ ನಾಲ್ಕನೇ ಹಂತದಲ್ಲೂ ಲೆಕ್ಕವೇ ಬೇರೆಯಾಗುತ್ತದೆ. ಆ ಪರೀಕ್ಷೆ ಆಗಿದೆಯಾ, ‘ಆರು ತಿಂಗಳು’ ಎಂದಾಗ ಅದರ ಫಲಿತಾಂಶ ಕೈಯಲ್ಲಿತ್ತಾ ಎಂದು ದಯವಿಟ್ಟು ಕೇಳಿ.

ಕಾಯಿಲೆ ಯಾವುದು ಎನ್ನುವುದರ ಮೇಲೂ ಅಂದಾಜು ನಿಂತಿದೆ. ಹೃದಯ ವೈಫಲ್ಯ ಇರುವವರು, ಸಿಒಪಿಡಿ ಎಂಬ ದೀರ್ಘಕಾಲದ ಉಸಿರಾಟದ ಕಾಯಿಲೆ ಇರುವವರು ಹಲವು ಸಲ ಕುಸಿದು ಹಲವು ಸಲ ಏಳುತ್ತಾರೆ. ಯಾವ ಕುಸಿತ ಕೊನೆಯದು ಎಂದು ಹೇಳುವುದು ಬಹಳ ಕಷ್ಟ. ಮರೆವಿನ ಕಾಯಿಲೆಯಲ್ಲಿ ಇಳಿಕೆ ವರ್ಷಗಟ್ಟಲೆ ನಿಧಾನವಾಗಿ ನಡೆಯುತ್ತದೆ. ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಓಡಾಟ ಕೊನೆಯ ಕೆಲವು ತಿಂಗಳವರೆಗೂ ಸುಮಾರಾಗಿ ಇದ್ದು, ಆಮೇಲೆ ಬೇಗ ಇಳಿಯುತ್ತದೆ. ಈ ಇಳಿಕೆ ನಿಮ್ಮ ಕಣ್ಣಿಗೇ ಕಾಣುತ್ತದೆ. ಅದಕ್ಕೇ ಡಾಕ್ಟರುಗಳು ಸ್ಕ್ಯಾನ್ ನೋಡುವಷ್ಟೇ ಗಮನವಿಟ್ಟು ‘ದಿನದಲ್ಲಿ ಎಷ್ಟು ಹೊತ್ತು ಮಲಗಿರುತ್ತಾರೆ?’ ಎಂದು ಕೇಳುತ್ತಾರೆ. ಕಾರ್ನೋಫ್ಸ್ಕಿ, ಇಕಾಗ್ ಎಂಬ ಅಳತೆಪಟ್ಟಿಗಳು ಇರುವುದೇ ಇದಕ್ಕೆ. ಎದ್ದಿರುವ ಹೊತ್ತಿನ ಅರ್ಧಕ್ಕಿಂತ ಹೆಚ್ಚು ಹಾಸಿಗೆಯಲ್ಲೋ ಕುರ್ಚಿಯಲ್ಲೋ ಕಳೆಯುವುದು, ಸ್ನಾನಕ್ಕೆ ಇನ್ನೊಬ್ಬರ ಸಹಾಯ ಬೇಕಾಗುವುದು, ಊಟ ಸೇರದೆ ತೂಕ ಇಳಿಯುತ್ತಲೇ ಹೋಗುವುದು, ಇವು ಗಮನಿಸಬೇಕಾದ ಬದಲಾವಣೆಗಳು. ಆರೈಕೆ ಮಾಡುವವರು ಬಳಸುವ ಒಂದು ಸರಳ ಲೆಕ್ಕವೂ ಇದೆ. ಬದಲಾವಣೆ ತಿಂಗಳಿಂದ ತಿಂಗಳಿಗೆ ಕಂಡರೆ ಉಳಿದಿರುವುದು ಹೆಚ್ಚಾಗಿ ತಿಂಗಳುಗಳು. ವಾರದಿಂದ ವಾರಕ್ಕೆ ಕಂಡರೆ ವಾರಗಳು. ದಿನದಿಂದ ದಿನಕ್ಕೆ ಕಂಡರೆ ದಿನಗಳು. ಸೋಂಕಿನಂಥ ಗುಣವಾಗುವ ಕಾರಣವಿದ್ದರೆ ಇದು ತಪ್ಪಬಹುದು. ಆದ್ದರಿಂದ ದಿಢೀರ್ ಬದಲಾವಣೆ ಕಂಡರೆ ಮೊದಲು ಡಾಕ್ಟರಿಗೆ ತಿಳಿಸಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ‘ಇನ್ನೆಷ್ಟು ದಿನ’ ಎಂದು ಕೇಳಬೇಡಿ. ‘ಎಲ್ಲ ಚೆನ್ನಾಗಿ ನಡೆದರೆ ಎಷ್ಟು? ಕೆಟ್ಟರೆ ಎಷ್ಟು? ಅಪ್ಪನಂಥ ಹೆಚ್ಚಿನವರಿಗೆ ಎಷ್ಟು?’ ಎಂದು ಮೂರನ್ನೂ ಕೇಳಿ. ‘ಮುಂದಿನ ಒಂದು ವರ್ಷದೊಳಗೆ ಇವರು ತೀರಿಕೊಂಡರೆ ನಿಮಗೆ ಆಶ್ಚರ್ಯ ಆಗುತ್ತದಾ?’ ಎಂಬುದೂ ವೈದ್ಯರು ತಮ್ಮನ್ನೇ ಕೇಳಿಕೊಳ್ಳುವ ಹೆಸರಾದ ಪ್ರಶ್ನೆ. ಅಂಕಿ ಹೇಳಲು ಹಿಂಜರಿಯುವವರು ಇದಕ್ಕೆ ಉತ್ತರ ಕೊಟ್ಟಾರು. ಸ್ಕ್ಯಾನ್ ಆದಾಗ, ಔಷಧ ಬದಲಾದಾಗ ಮತ್ತೆ ಕೇಳಿ. ಅಂದಾಜೂ ಬದಲಾಗಿರುತ್ತದೆ.

ಪ್ಯಾಲಿಯೇಟಿವ್ ವೈದ್ಯರನ್ನೂ, ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ ಕೊಡುವವರನ್ನೂ, ಈಗಲೇ ಕಾಣಿ. ಅವರ ಹತ್ತಿರ ಹೋದರೆ ಕೈಚೆಲ್ಲಿದಂತೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನರಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆಗೇ ಮೊದಲಿಂದಲೂ ಈ ಆರೈಕೆ ಪಡೆದವರ ಮೀಡಿಯನ್ 11.6 ತಿಂಗಳು. ಮಾಮೂಲಿ ಚಿಕಿತ್ಸೆ ಮಾತ್ರ ಪಡೆದವರದ್ದು 8.9 ತಿಂಗಳು. ಮನಸ್ಸು ಕುಗ್ಗುವುದೂ ಮೊದಲ ಗುಂಪಿನಲ್ಲಿ ಕಡಿಮೆಯಿತ್ತು.

ಇನ್ನು ಅಪ್ಪನ ವಿಷಯ. ಅವರಿಗೆ ಏನೂ ಹೇಳಿಲ್ಲ ಎಂದಿರಿ. ಪ್ರೀತಿಯಿಂದಲೇ ಹಾಗೆ ಮಾಡಿದ್ದೀರಿ, ಆದರೂ ನಾನು ಒಪ್ಪಲಾರೆ. ಹೇಳಲೇಬೇಕು ಎಂದೂ ಅಲ್ಲ. ಎಷ್ಟು ತಿಳಿಯಬೇಕು ಎನ್ನುವುದನ್ನು ಅವರೇ ತೀರ್ಮಾನಿಸಲಿ. ‘ಕಾಯಿಲೆ ಬಗ್ಗೆ ನಿಮಗೆ ಏನನ್ನಿಸುತ್ತಿದೆ? ಡಾಕ್ಟರು ಹೇಳಿದ್ದನ್ನೆಲ್ಲ ನಿಮಗೂ ಹೇಳಲಾ, ಇಲ್ಲ ನಾವು ಕೇಳಿಕೊಂಡರೆ ಸಾಕಾ?’ ಎಂದು ಕೇಳಿ ನೋಡಿ. ‘ಬೇಡ’ ಎಂದರೆ ಬಿಡಿ, ಕೆಲವು ದಿನ ಕಳೆದು ಮತ್ತೆ ಕೇಳಿ. ಮೈಯ ಬದಲಾವಣೆ ಮೊದಲು ಗೊತ್ತಾಗುವುದು ಅವರಿಗೇ. ಎಲ್ಲರೂ ಮುಖ ತಿರುಗಿಸಿಕೊಂಡರೆ ಅವರು ಆ ಭಯವನ್ನು ಒಬ್ಬರೇ ಹೊರಬೇಕಾಗುತ್ತದೆ. ಇನ್ನೊಂದು ಕೀಮೋ ಬೇಕಾ, ಕೊನೆಗೆ ವೆಂಟಿಲೇಟರ್ ಬೇಕಾ, ಮನೆಯಲ್ಲಿರಬೇಕಾ ಎಂಬುದನ್ನೆಲ್ಲ ಅವರ ಬಾಯಿಂದ ಕೇಳಲು ಈಗ ಸಾಧ್ಯವಿದೆ. ಕೆಲವು ತಿಂಗಳ ನಂತರ ಅವರಿಗೆ ಆ ಶಕ್ತಿ ಇಲ್ಲದೆ ಹೋಗಬಹುದು.

ಅಣ್ಣ ಈಗಲೇ ಬರಲಿ. ಕೊನೆಯ ವಾರಕ್ಕೆ ಸರಿಯಾಗಿ ಬರುತ್ತೇನೆ ಎಂಬ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ, ಮತ್ತು ಆ ವಾರದಲ್ಲಿ ರೋಗಿಗಳು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಾರೆ. ಅಪ್ಪ ಕೂತು ಮಾತಾಡುವಾಗ ಬರಲಿ, ಹದಿನೈದು ದಿನವಾದರೂ ಇರಲಿ. ಎರಡನೇ ಸಲ ಬರಲು ಆದೀತೋ ಇಲ್ಲವೋ ಎಂಬ ಚಿಂತೆಯನ್ನು ಆಮೇಲೆ ನೋಡಿಕೊಳ್ಳಬಹುದು.