ಐ7 ಅಂತ ಹೆಸರು ನೋಡಿ ದುಡ್ಡು ಎಣಿಸಬೇಡಿ

ಪ್ರಶ್ನೆ: ನಮ್ಮ ಸುತ್ತಮುತ್ತ ನಡೆಯುವ ಯಕ್ಷಗಾನ ಆಟಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ನನ್ನ ಐಫೋನ್ ಒಂದು, ಗೆಳೆಯನ ಮಿರರ್‌ಲೆಸ್ ಕ್ಯಾಮೆರಾ ಒಂದು. ಹಳೇ ಲ್ಯಾಪ್‌ಟಾಪ್‌ನಲ್ಲಿ ಎಡಿಟ್ ಮಾಡಲು ಕೂತರೆ ವಿಡಿಯೊ ಮುಗ್ಗರಿಸುತ್ತದೆ. ಮಾನಿಟರ್ ಇದೆ, ಅದು ಬಿಟ್ಟು 50,000 ರೂಪಾಯಿ ಹೊಂದಿಸಿದ್ದೇನೆ. ಅಂಗಡಿಯವರು 32,000ಕ್ಕೆ ಕೊಟೇಶನ್ ಕೊಟ್ಟಿದ್ದಾರೆ: ಐ7-4770 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್ (ಕರೆಂಟು ಹಂಚುವ ಡಬ್ಬಿ), ಬಣ್ಣದ ಲೈಟಿನ ಕ್ಯಾಬಿನೆಟ್, ವಿಂಡೋಸ್ 11. ರಾತ್ರಿ ಸ್ವಲ್ಪ ಹೊತ್ತು ವ್ಯಾಲೊರಂಟ್, ಜಿಟಿಎ 5 ಆಡುವ ಆಸೆಯೂ ಇದೆ. ತಗೊಳ್ಳಲಾ?
– ಓದುಗರು, ಹೊನ್ನಾವರ

ಉತ್ತರ: ಬೇಡ. ಅಂಗಡಿಯವರು ಸುಳ್ಳೇನೂ ಹೇಳಿಲ್ಲ, ಅದು ನಿಜವಾಗಿಯೂ ಐ7. ಆದರೆ 2013ರ ಐ7. 4770 ಅನ್ನುವುದರ ಮೊದಲ ಅಂಕಿ 4 ಇದೆಯಲ್ಲ, ಅದು ನಾಲ್ಕನೇ ಜನರೇಶನ್ ಅಂತ ಅರ್ಥ. ಐ5-12400 ಅನ್ನುವುದು ಹೆಸರಿಗೆ ಐ5, ಆದರೆ ಹನ್ನೆರಡನೇ ಜನರೇಶನ್ನಿನದು, ಆರು ಕೋರ್, ಅಂದರೆ ಒಟ್ಟಿಗೆ ದುಡಿಯುವ ಆರು ಕೈ. ನಿಮ್ಮ ಐ7ಗೆ ಇರುವುದು ನಾಲ್ಕೇ.

ಕೋರ್ ಲೆಕ್ಕ ಬಿಡಿ, ಅದಕ್ಕಿಂತ ದೊಡ್ಡ ತೊಂದರೆ ಇದೆ. ಐಫೋನ್ ಜಾಗ ಉಳಿಸಲು ವಿಡಿಯೊವನ್ನು ಎಚ್‌ಇವಿಸಿ ಅನ್ನುವ ರೀತಿಯಲ್ಲಿ ಒತ್ತಿ ಒತ್ತಿ ತುಂಬುತ್ತದೆ. ಎಚ್.265 ಅಂದರೂ ಅದೇ. ಹಾಗೆ ಒತ್ತಿದ್ದನ್ನು ಬಿಚ್ಚಿ ತೋರಿಸಲು ಚಿಪ್‌ನೊಳಗೆ ಅದಕ್ಕೇ ಅಂತ ಒಂದು ಭಾಗ ಬೇಕು. 4770ರಲ್ಲಿ ಅದಿಲ್ಲ. ಜಿಟಿ 730ರಲ್ಲೂ ಇಲ್ಲ, ಅದು 2014ರ ಕಾರ್ಡ್, 4 ಜಿಬಿ ಅಂತ ದೊಡ್ಡದಾಗಿ ಬರೆದಿರುವುದು ಸುಮ್ನೆ ನೋಡೋಕೆ. ಹಾಗಾಗಿ ಬಿಚ್ಚುವ ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ. ಬೇಕಿದ್ದರೆ ಈಗಿರುವ ಲ್ಯಾಪ್‌ಟಾಪ್‌ನಲ್ಲೇ ನೋಡಿ. ವಿಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒತ್ತಿ, ಜಿಪಿಯು ಕಡೆ ‘ವಿಡಿಯೊ ಡೀಕೋಡ್’ ಅಂತ ಚಿಕ್ಕದೊಂದು ಗ್ರಾಫ್ ಇರುತ್ತದೆ. ಅದು ಮೇಲೇಳದೆ ಮಲಗಿದ್ದು, ಸಿಪಿಯು ಗೆರೆ ಮಾತ್ರ 100ಕ್ಕೆ ಮುಟ್ಟಿದ್ದರೆ ನಿಮ್ಮ ಕಾಯಿಲೆ ಇದೇ. ಅದನ್ನೇ 32,000 ಕೊಟ್ಟು ಬಣ್ಣದ ಪೆಟ್ಟಿಗೆಯಲ್ಲಿ ಮತ್ತೊಮ್ಮೆ ಮನೆಗೆ ತರುವುದು ಯಾಕೆ?

ಇನ್ನು ನಿಮ್ಮ ಎರಡನೇ ‘ಆಟ’. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಅಥವಾ ನಂತರದ್ದು ಬೇಕು. 4770ಕ್ಕೆ ಏನೋ ಅಡ್ಡದಾರಿ ಹಿಡಿದು ಹಾಕಿಕೊಟ್ಟಿರುತ್ತಾರೆ. ಎಡಿಟಿಂಗ್‌ಗೆ ಅದರಿಂದ ತಕ್ಷಣ ತೊಂದರೆ ಕಾಣದಿರಬಹುದು. ಆದರೆ ವ್ಯಾಲೊರಂಟ್ ಜೊತೆ ಬರುವ, ಮೋಸದಾಟ ತಡೆಯುವ ವ್ಯಾನ್‌ಗಾರ್ಡ್ ಇದೆಯಲ್ಲ, ಅದು ವಿಂಡೋಸ್ 11ರಲ್ಲಿ ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ಕಂಪ್ಯೂಟರ್ ಆನ್ ಆಗುವಾಗಿನ ಭದ್ರತಾ ತಪಾಸಣೆ) ಎರಡನ್ನೂ ಕೇಳುತ್ತದೆ. ಸಿಗದಿದ್ದರೆ ‘ವ್ಯಾನ್ 9001’ ಅಂತ ತೋರಿಸಿ ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗಾದರೆ ವಿಂಡೋಸ್ 10ಕ್ಕೆ ಹೋಗುತ್ತೇನೆ ಅಂತೀರಾ, ಅದಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಹಾಗಾದರೆ ಏನು ತಗೊಳ್ಳೋದು? ಅಂಗಡಿಗೆ ಹೋಗುವ ಮೊದಲು ಮೀಡಿಯಾಇನ್ಫೊ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು ನಿಮ್ಮ ಫೈಲುಗಳನ್ನು ಅದರಲ್ಲಿ ತೆರೆದು ನೋಡಿ. ಗೆಳೆಯನ ಕ್ಯಾಮೆರಾದ ಫೈಲ್‌ನಲ್ಲಿ ಎಚ್‌ಇವಿಸಿ, 4:2:2, 10 ಬಿಟ್ (ಬಣ್ಣದ ವಿವರ ಜಾಸ್ತಿ ಹಿಡಿದಿಡುವ ರೀತಿ) ಅಂತ ತೋರಿಸಿದರೆ ಅದು ಎಲ್ಲಕ್ಕಿಂತ ಹಟಮಾರಿ ಫೈಲ್. ತಮಾಷೆ ನೋಡಿ, 12400ರ ಒಳಗೇ ಇರುವ ಸಾಮಾನ್ಯ ಗ್ರಾಫಿಕ್ಸ್ ಅದನ್ನು ಬಿಚ್ಚುತ್ತದೆ, ಎನ್‌ವಿಡಿಯಾ ಕಾರ್ಡುಗಳಿಗೆ ಆ ಶಕ್ತಿ ಬಂದಿದ್ದು 2025ರ ಆರ್‌ಟಿಎಕ್ಸ್ 50 ಸಾಲಿನಲ್ಲಿ. ಅಂದರೆ ಅದಕ್ಕಿಂತ ಹಳೇ ಕಾರ್ಡಿಗೆ ಎಷ್ಟು ದುಡ್ಡು ಸುರಿದರೂ ಈ ಒಂದು ಕೆಲಸ ಆಗುವುದಿಲ್ಲ. ಹಾಗಾಗಿ ನನ್ನ ಸಲಹೆ ಐ5-12400. ಗಮನಿಸಿ, 12400ಎಫ್ ಅಲ್ಲ. ಎಫ್ ಸ್ವಲ್ಪ ಅಗ್ಗ ಅಂತ ಅಂಗಡಿಯಲ್ಲಿ ಅದನ್ನೇ ಕೈಗೆ ಕೊಡುತ್ತಾರೆ, ಆದರೆ ಎಫ್ ಅಂದರೆ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ. ನಾವು ತಗೊಳ್ಳುತ್ತಿರುವುದೇ ಅದಕ್ಕೋಸ್ಕರ, ಅಲ್ವಾ?

ಗೇಮ್ ಮೊದಲು, ಎಡಿಟಿಂಗ್ ಆಮೇಲೆ ಅನ್ನುವವರು ರೈಜನ್ 5 5600ಜಿ ನೋಡಬಹುದು. ಅದರ ಒಳಗಿನ ಗ್ರಾಫಿಕ್ಸ್ ಗೇಮಿಗೆ ಇಂಟೆಲ್‌ನದ್ದಕ್ಕಿಂತ ಚುರುಕು. ನಿಮ್ಮದು ಉಲ್ಟಾ.

ರ‍್ಯಾಮ್ 16 ಜಿಬಿ ಇರಲಿ, ಒಂದೇ ಕಡ್ಡಿ ಬೇಡ, 8ರ ಎರಡು ತಗೊಳ್ಳಿ. ಪ್ರೊಸೆಸರ್‌ಗೆ ಎರಡು ದಾರಿಯಲ್ಲಿ ಮಾತಾಡಲು ಸಿಗುತ್ತದೆ, ಒಳಗಿನ ಗ್ರಾಫಿಕ್ಸ್ ಬಳಸುವಾಗ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಮದರ್‌ಬೋರ್ಡ್ ಎಚ್610 ಆದರೆ ರ‍್ಯಾಮ್‌ಗೆ ಎರಡೇ ಜಾಗ. ನಾಲ್ಕು ಜಾಗದ ಬಿ660 ಅಥವಾ ಬಿ760 ಸಿಕ್ಕರೆ ಮುಂದೆ ಸೇರಿಸಿಕೊಳ್ಳಬಹುದು. ಡಿಡಿಆರ್4 ಬೋರ್ಡಿಗೆ ಡಿಡಿಆರ್5 ಕಡ್ಡಿ ಕೂರುವುದಿಲ್ಲ, ಎರಡರ ಗುರುತೂ ಬಿಲ್ಲಿನಲ್ಲಿ ಒಂದೇ ಇದೆಯಾ ನೋಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಮೈಮೇಲೆ ದೆವ್ವ ಬಂದ ಹಾಗೆ ಏರಿದೆ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಮೈಕ್ರಾನ್ ಕಂಪನಿಯಂತೂ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರ ಮುಚ್ಚುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹಾಗಾಗಿ ನಾನಿಲ್ಲಿ ಒಂದೊಂದು ಪಾರ್ಟಿನ ರೇಟು ಬರೆದರೆ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಹಳಸಿರುತ್ತದೆ. ದುಡ್ಡು ಸಾಲದಿದ್ದರೆ ಎಲ್ಲಿ ಕತ್ತರಿ ಹಾಕಬೇಕು ಅನ್ನುವುದನ್ನಷ್ಟೇ ಹೇಳುತ್ತೇನೆ: ಗ್ರಾಫಿಕ್ಸ್ ಕಾರ್ಡ್ ಆರು ತಿಂಗಳು ಬಿಟ್ಟು ತಗೊಳ್ಳಿ. ಅಲ್ಲಿಯವರೆಗೆ ವ್ಯಾಲೊರಂಟ್ ಕಡಿಮೆ ಸೆಟ್ಟಿಂಗ್‌ನಲ್ಲಿ ಓಡುತ್ತದೆ, ಜಿಟಿಎ 5 ಒದ್ದಾಡುತ್ತದೆ. ಕಾರ್ಡ್ ತಗೊಳ್ಳುವಾಗ ಆರ್‌ಟಿಎಕ್ಸ್ 3050ರ 6 ಜಿಬಿಯದ್ದು ನಿಮಗೆ ಸಾಕು. 70 ವ್ಯಾಟ್‌ನದು, ಎಸ್‌ಎಂಪಿಎಸ್‌ನಿಂದ ಬೇರೆ ಕೇಬಲ್ ಎಳೆಯುವ ರಗಳೆ ಇಲ್ಲ.

ಕತ್ತರಿ ಹಾಕಬಾರದ ಜಾಗ ಎಸ್‌ಎಂಪಿಎಸ್. ನನ್ನ ಹತ್ತಿರ ರಿಪೇರಿಗೆ ಬಂದ ಒಂದು ಕಂಪ್ಯೂಟರ್‌ನಲ್ಲಿ ‘500 ವ್ಯಾಟ್’ ಅಂತ ದಪ್ಪಕ್ಷರದ ಡಬ್ಬಿ ಇತ್ತು. ಕೈಯಲ್ಲಿ ಎತ್ತಿದರೆ ಖಾಲಿ ಟಿಫಿನ್ ಬಾಕ್ಸ್ ಥರ ಹಗುರ. ಪಕ್ಕದ ಚೀಟಿಯಲ್ಲಿ ಸಣ್ಣಕ್ಷರದಲ್ಲಿ 12 ವೋಲ್ಟ್ ಎದುರು 16 ಆಂಪಿಯರ್ ಅಂತಿತ್ತು. ಗುಣಿಸಿ ನೋಡಿ, 192 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡುವುದು ಆ 12 ವೋಲ್ಟಿನ ತಟ್ಟೆಯಿಂದಲೇ. ನೀವೂ ಆ ಚೀಟಿ ಓದಿ, ಕರೆಂಟು ಪೋಲಾಗುವುದು ಕಡಿಮೆ ಅಂತ ಹೇಳುವ 80 ಪ್ಲಸ್ ಬ್ರಾಂಜ್ ಗುರುತು ಇರುವ 450 ಅಥವಾ 550 ವ್ಯಾಟ್‌ನದ್ದು ಕೇಳಿ. ಬಣ್ಣದ ಲೈಟ್ ಬಿಟ್ಟರೆ ಆ ದುಡ್ಡು ಇಲ್ಲಿಗಾಗುತ್ತದೆ.

ಜಾಗದ ಲೆಕ್ಕವನ್ನೂ ಹಾಕಿಕೊಳ್ಳಿ. ಐಫೋನ್‌ನಲ್ಲಿ 4ಕೆ, ಸೆಕೆಂಡಿಗೆ 30 ಫ್ರೇಮ್ ಇಟ್ಟರೆ ನಿಮಿಷಕ್ಕೆ ಸುಮಾರು 170 ಎಂಬಿ. ಆರು ಗಂಟೆಯ ಆಟಕ್ಕೆ ಒಂದು ಕ್ಯಾಮೆರಾದಿಂದಲೇ 61 ಜಿಬಿ ಆಯಿತು. ಎರಡು ಕ್ಯಾಮೆರಾ ಅಂದರೆ 512 ಜಿಬಿ ನಾಲ್ಕು ಪ್ರಸಂಗಕ್ಕೇ ತುಂಬಿತು. ಎಡಿಟ್ ಮಾಡುತ್ತಿರುವ ಆಟ ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿಯಲ್ಲಿರಲಿ, ಮುಗಿದದ್ದು ಮಾಮೂಲಿ ಹಾರ್ಡ್‌ಡಿಸ್ಕಿಗೆ ಹೋಗಲಿ.

ಕೊನೆಗೆ ಪುಕ್ಕಟೆ ಉಪಾಯ, ಪ್ರಾಕ್ಸಿ. ದೊಡ್ಡ ಫೈಲಿನ ಚಿಕ್ಕ ನಕಲು ಮಾಡಿಕೊಂಡು ಅದರ ಮೇಲೆ ಎಡಿಟ್ ಮಾಡುವುದು, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್ ಮೂಲ ಫೈಲನ್ನೇ ತಗೊಳ್ಳುತ್ತದೆ. ವೇಷ ಕಟ್ಟದೆ ತಾಳಮದ್ದಳೆ ಮಾಡಿದ ಹಾಗೆ, ಪ್ರಸಂಗ ಅದೇ, ಭಾರ ಇಲ್ಲ. ಡಾವಿಂಚಿ ರಿಸಾಲ್ವ್, ಪ್ರೀಮಿಯರ್, ಪುಕ್ಕಟೆ ಸಿಗುವ ಕೆಡೆನ್‌ಲೈವ್ ಎಲ್ಲದರಲ್ಲೂ ಇದಿದೆ. ಹೊಸ ಕಂಪ್ಯೂಟರ್ ಬರುವವರೆಗೆ ಹಳೇ ಲ್ಯಾಪ್‌ಟಾಪ್‌ನಲ್ಲೇ ಮಾಡಿ ನೋಡಿ. ನಕಲು ಆಗಲು ರಾತ್ರಿಯಿಡೀ ಬೇಕಾಗಬಹುದು, ಆಟ ನೋಡುವವರಿಗೆ ನಿದ್ದೆಗೆಡುವುದೇನು ಹೊಸದಲ್ಲ.

ಪ್ರಶ್ನೆ: ಸಂಗೀತ ಕಚೇರಿಯನ್ನು ಮೊಬೈಲ್‌ನಲ್ಲಿ ಎರಡು ಗಂಟೆ ರೆಕಾರ್ಡ್ ಮಾಡಿದೆ. ಎಡಿಟರ್‌ಗೆ ಹಾಕಿದರೆ ಶುರುವಿನಲ್ಲಿ ಸರಿ ಇದೆ, ತನಿ ಆವರ್ತನ ಬರುವಷ್ಟರಲ್ಲಿ ಮೃದಂಗದ ಮೇಲೆ ಕೈ ಬಿದ್ದು ಆಮೇಲೆ ನಾದ ಕೇಳುತ್ತದೆ. ಕಂಪ್ಯೂಟರ್ ನಿಧಾನ ಅಂತ ರ‍್ಯಾಮ್ ಹಾಕಿಸಬೇಕಾ?
– ಓದುಗರು, ಮೈಸೂರು

ಉತ್ತರ: ರ‍್ಯಾಮ್ ಏನೂ ಬೇಡ. ಮೊಬೈಲ್ ಎಲ್ಲ ಸಮಯದಲ್ಲೂ ಒಂದೇ ಲೆಕ್ಕದಲ್ಲಿ ಫ್ರೇಮ್ ಹಿಡಿಯುವುದಿಲ್ಲ, ಬೆಳಕು ಕಡಿಮೆಯಾದರೆ ಫ್ರೇಮನ್ನೂ ಕಡಿಮೆ ಮಾಡುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಒಂದೇ ಲೆಕ್ಕ ಅಂದುಕೊಂಡು ಓಡಿಸಿದರೆ ದೃಶ್ಯ ಒಂದು ದಾರಿ, ಶಬ್ದ ಒಂದು ದಾರಿ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನ ವಿಡಿಯೊ ವಿಭಾಗದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಫೈಲನ್ನು ಒಮ್ಮೆ ಬದಲಿಸಿಕೊಂಡು, ಆಮೇಲೆ ಎಡಿಟ್ ಮಾಡಿ. ತಾಳ ಮತ್ತೆ ಸೇರುತ್ತದೆ.

ಪ್ರಶ್ನೆ: ಪಾರ್ಟ್ಸ್ ತರಿಸಿ ನಾನೇ ಜೋಡಿಸಿದೆ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಬೋರ್ಡ್ ಹೋಯಿತಾ?
– ಓದುಗರು, ದಾವಣಗೆರೆ

ಉತ್ತರ: ಗಾಬರಿಯಾಗಬೇಡಿ, ಇದು ಎಲ್ಲರಿಗೂ ಆಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಎಚ್‌ಡಿಎಂಐ ಕೇಬಲ್ ಕಾರ್ಡಿಗೇ ಚುಚ್ಚಬೇಕು, ಮೇಲಿನ ಮದರ್‌ಬೋರ್ಡ್ ಕಿಂಡಿಗಲ್ಲ. ರ‍್ಯಾಮ್ ಕಡ್ಡಿಯನ್ನು ತೆಗೆದು ‘ಟಕ್’ ಅಂತ ಸದ್ದು ಬರುವವರೆಗೆ ಒತ್ತಿ, ಬೋರ್ಡ್ ಬಗ್ಗುತ್ತದೇನೋ ಅಂತ ಹೆದರಿ ಅರ್ಧಕ್ಕೇ ಬಿಡುವವರು ಜಾಸ್ತಿ. ಪ್ರೊಸೆಸರ್ ಪಕ್ಕ, ಬೋರ್ಡಿನ ಮೂಲೆಯಲ್ಲಿ ಎಂಟು ಪಿನ್ನಿನ ಕೇಬಲ್ ಜಾಗ ಇರುತ್ತದೆ, ಅದು ಖಾಲಿ ಇದೆಯಾ ನೋಡಿ. ನಾನು ಮೊದಲ ಸಲ ಜೋಡಿಸಿದಾಗ ಇದನ್ನೆಲ್ಲ ಮೂರು ಸಲ ಬಿಚ್ಚಿ ಹಾಕಿದೆ. ಅರ್ಧ ದಿನ ಹೋಯಿತು. ಮಾನಿಟರ್ ವಿಜಿಎಗೆ ಸೆಟ್ ಆಗಿತ್ತು.

ಪ್ರಶ್ನೆ: ನಮ್ಮಲ್ಲಿ ಮಳೆ ಶುರುವಾದರೆ ಕರೆಂಟು ಹೋಗಿ ಬಂದು ಮಾಡುತ್ತದೆ. ಎಡಿಟಿಂಗ್ ಕಂಪ್ಯೂಟರ್‌ಗೆ 600 ವಿಎ ಯುಪಿಎಸ್ ಸಾಕಾ?
– ಓದುಗರು, ತೀರ್ಥಹಳ್ಳಿ

ಉತ್ತರ: 600 ವಿಎ ಅಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. ಮೇಲೆ ಹೇಳಿದಂಥ ಕಂಪ್ಯೂಟರ್, ಮಾನಿಟರ್ ಎರಡಕ್ಕೆ ಸಾಕು. ಆದರೆ ಅದು ಕೆಲಸ ಮುಂದುವರಿಸಲು ಅಲ್ಲ, ಸೇವ್ ಮಾಡಿ ಶಟ್‌ಡೌನ್ ಮಾಡಲು. ಎಕ್ಸ್‌ಪೋರ್ಟ್ ಮುಗಿಯಲಿ ಅಂತ ಕಾಯುತ್ತಾ ಕೂರಬೇಡಿ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ. ಗುಡುಗು ಹತ್ತಿರ ಬಂತು ಅನಿಸಿದರೆ ಯುಪಿಎಸ್ ಪ್ಲಗ್ ಕಿತ್ತಿಡಿ, ಜೊತೆಗೆ ಬ್ರಾಡ್‌ಬ್ಯಾಂಡ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ. ಸಿಡಿಲಿಗೆ ಅದೂ ಒಂದು ದಾರಿಯೇ.